ಹಳದಿ ಬಟಾಣಿಯ ಆಚೆಗೆ: ಪ್ರೋಟೀನಿಗಾಗಿ ತಳಿಗಳ ಹುಡುಕಾಟ

ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ದುಂಡು ಬಟಾಣಿಯೂ ಸುಕ್ಕು ಬಟಾಣಿಯೂ ಇದ್ದವು. ಆ ಸುಕ್ಕಿನ ಮೂಲ ಸಿಕ್ಕಿದ್ದು 1990ರಲ್ಲಿ, ಇಂಗ್ಲೆಂಡಿನ ನಾರಿಚ್‌ನ ಜಾನ್ ಇನ್ನಿಸ್ ಸಂಸ್ಥೆಯಲ್ಲಿ. ಪಿಷ್ಟಕ್ಕೆ ಕವಲುಗಳನ್ನು ಜೋಡಿಸುವ ಕಿಣ್ವದ ಜೀನಿನೊಳಗೆ ಡಿಎನ್‌ಎ ತುಣುಕೊಂದು ಹೊಕ್ಕು ಅದನ್ನು ಕೆಡಿಸಿತ್ತು. ಪಿಷ್ಟ ತಗ್ಗಿ, ಸಕ್ಕರೆ ಮತ್ತು ನೀರು ಹೆಚ್ಚಿದ ಕಾಳು ಒಣಗಿದಾಗ ಮುದುಡುತ್ತದೆ. ಅದೇ ಕಾಳಿನಲ್ಲಿ ಲೆಗ್ಯುಮಿನ್ ಎಂಬ ಪ್ರೋಟೀನೂ ಕಡಿಮೆ. ಒಂದು ಜೀನ್ ಬದಲಾದರೆ ಪ್ರೋಟೀನಿನ ಸ್ವರೂಪವೇ ಬದಲಾದೀತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಕೃಷಿಗೆ ಒಗ್ಗಿದ ಬಟಾಣಿ ಹೋದಲ್ಲೆಲ್ಲ ಸ್ಥಳೀಯ ರೂಪ ತಾಳಿತು. ಇಥಿಯೋಪಿಯಾ ಮತ್ತು ಯೆಮನ್‌ನಲ್ಲಿ ಬೇರೆಯದೇ ಬಗೆಯ ಬಟಾಣಿ ಬೆಳೆಯುತ್ತಾರೆ. ಬೂದಿರೋಗ ನಿರೋಧಕ ಗುಣದ ಆನುವಂಶಿಕತೆಯನ್ನು ವಿಜ್ಞಾನಿ ಹಾರ್ಲ್ಯಾಂಡ್ 1948ರಲ್ಲಿ ತೋರಿಸಿದ್ದು ಪೆರುವಿನ ಬಟಾಣಿಗಳಲ್ಲಿ. ಎಲೆಯ ಬದಲು ಕುಡಿಬಳ್ಳಿಗಳನ್ನೇ ಬಿಡುವ 'ಅಫಿಲಾ' ಗಿಡಗಳೂ ಮೊದಲಿಗೆ ವಿಚಿತ್ರವೆನಿಸಿದ್ದವು; ಅವು ಒಂದಕ್ಕೊಂದು ಹೆಣೆದುಕೊಂಡು ನೆಟ್ಟಗೆ ನಿಲ್ಲುವುದರಿಂದಲೇ ಇಂದು ವಿಶಾಲ ಹೊಲಗಳಲ್ಲಿ ಯಂತ್ರದಿಂದ ಕೊಯ್ಲು ಸಲೀಸಾಗಿದೆ.

ಇಷ್ಟೆಲ್ಲ ವೈವಿಧ್ಯವಿದ್ದರೂ ಸಸ್ಯ ಪ್ರೋಟೀನ್ ಉದ್ಯಮ ಹೆಚ್ಚಾಗಿ ಆತುಕೊಂಡಿರುವುದು ಹಳದಿ ಬಟಾಣಿಯನ್ನೇ. ಕೆನಡಾದ ಪೋರ್ಟೇಜ್ ಲಾ ಪ್ರೇರಿಯಲ್ಲಿ 2021ರಲ್ಲಿ ಆರಂಭವಾದ ರೊಕೆಟ್ ಕಂಪನಿಯ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 1,25,000 ಟನ್ ಬಟಾಣಿ. ಹಿಟ್ಟಿನಿಂದ ಪ್ರೋಟೀನ್ ಬೇರ್ಪಡಿಸುವಾಗ ಅದನ್ನು ಸಾಮಾನ್ಯವಾಗಿ ಕ್ಷಾರೀಯ ನೀರಿನಲ್ಲಿ ಕರಗಿಸಿ, ಬಳಿಕ ಆಮ್ಲ ಸೇರಿಸಿ ತಳಕ್ಕಿಳಿಸುತ್ತಾರೆ. ತೊಡಕು ಶುರುವಾಗುವುದು ಆಮೇಲೆ. ಬಟಾಣಿ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಧಾರಾಳ, ಗಂಧಕಯುಕ್ತ ಮೆಥಿಯೊನಿನ್ ಕೊರತೆ. ಈ ಕೊರತೆ ತುಸು ನೀಗಬೇಕಾದರೆ ಬಟಾಣಿಯ ಇನ್ನೊಂದು ಪ್ರೋಟೀನಾದ ವಿಸಿಲಿನ್‌ಗಿಂತ ಲೆಗ್ಯುಮಿನ್ ಹೆಚ್ಚಿರುವ ತಳಿ ಬೇಕು. ಇನ್ನೊಂದು ಕಾಟ ಹಸಿ ವಾಸನೆ. ಅದಕ್ಕೆ ಕಾರಣವಾದ ಕಿಣ್ವಗಳಲ್ಲಿ ಲಿಪಾಕ್ಸಿಜಿನೇಸ್ ಮುಖ್ಯ. ಅದರ ಒಂದು ರೂಪವೇ ಇಲ್ಲದ ಬಟಾಣಿಯನ್ನು ನಾರಿಚ್‌ನ ವಿಜ್ಞಾನಿಗಳು 1999ರಲ್ಲೇ ಜೀನ್ ಮಟ್ಟದಲ್ಲಿ ವಿವರಿಸಿದ್ದರು. ಆಗ ಅದಕ್ಕೆ ಗಿರಾಕಿ ಇರಲಿಲ್ಲ. ಬೀಜ ಕಾದಿಟ್ಟಿದ್ದರಿಂದ ಈಗ ಬ್ರಿಟನ್ನಿನಲ್ಲಿ ಅದೇ ಗುಣವನ್ನು ಹೊಸ ತಳಿಗಳಿಗೆ ಸೇರಿಸುತ್ತಿದ್ದಾರೆ. ಬೀಜ ಬ್ಯಾಂಕಿಗೆ ಮಾಡುವ ಖರ್ಚು ದಂಡವೆನ್ನುವವರಿಗೆ ನಾನು ತೋರಿಸುವುದು ಈ ಬಟಾಣಿಯನ್ನು.

ಇಳುವರಿ ಏರಿದರೆ ಪ್ರೋಟೀನ್ ಪ್ರಮಾಣ ಇಳಿಯುವುದು ಹಳೆಯ ಸಮಸ್ಯೆ. ರೋಗದ ಕಾಟವೂ ಇದೆ: ಗಾಳಿಯ ಸಾರಜನಕವನ್ನು ನೆಲಕ್ಕಿಳಿಸುವ ಬೆಳೆಯೆಂದು ಪದೇಪದೇ ಬಿತ್ತಿದರೆ ಅಫನೊಮೈಸಿಸ್ ಎಂಬ ಬೇರು ಕೊಳೆ ರೋಗ ಹೊಲದಲ್ಲೇ ಬೀಡುಬಿಡುತ್ತದೆ. ಇಂಥ ಸಮಸ್ಯೆಗಳಿಗೆ ಜೀನುಗಳಲ್ಲಿ ಉತ್ತರ ಹುಡುಕಲು ನೆರವಾಗುವಂತೆ 2019ರಲ್ಲಿ ಫ್ರಾನ್ಸಿನ 'ಕ್ಯಾಮಿಯೋರ್' ತಳಿಯ ಜೀನೋಮ್ ಹೊರಬಂತು. ಒಂದು ತಳಿಯ ನಕ್ಷೆ ಸಾಲದು. 2022ರಲ್ಲಿ ಚೀನಾದ ತಂಡ ಕೃಷಿಯ ಮತ್ತು ಕಾಡಿನ 118 ಮಾದರಿಗಳನ್ನು ಹೋಲಿಸಿತು.

ಭಾರತಕ್ಕೆ ಹಳದಿ ಬಟಾಣಿ ಹೆಚ್ಚಾಗಿ ಹೊರಗಿನಿಂದ ಬರುತ್ತದೆ. 2017ರ ನವೆಂಬರ್‌ನಲ್ಲಿ ಅದಕ್ಕೆ ಶೇ 50ರ ಆಮದು ಸುಂಕ ಬಿತ್ತು. 2023ರ ಡಿಸೆಂಬರ್‌ನಲ್ಲಿ ಸುಂಕ ತೆಗೆದಾಗ, ಅಗ್ಗದ ಬಟಾಣಿಯಿಂದ ತೊಗರಿ ಬೆಲೆ ಕುಸಿಯುವ ಆತಂಕ ಕಲಬುರಗಿಯ ರೈತರನ್ನೂ ಕಾಡಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅಜಿತ್' ಬೂದಿರೋಗ, ತುಕ್ಕುರೋಗ ಎರಡನ್ನೂ ತಡೆಯುತ್ತದೆ, ಆದರೆ ಅದು ಹಸಿ ಕಾಳಿನ ತಳಿ. ಒಣ ಕಾಳಿನ ಪ್ರೋಟೀನಿಗೂ ನಮ್ಮ ಸಂಗ್ರಹಗಳನ್ನು ಇಷ್ಟೇ ಶ್ರದ್ಧೆಯಿಂದ ಜಾಲಾಡಬೇಕು. ಜೊತೆಗೆ, ಕೊಳ್ಳುವವರು ತೂಕದ ಮೇಲಷ್ಟೇ ಅಲ್ಲ, ಪ್ರೋಟೀನಿನ ಮೇಲೂ ಬೆಲೆ ಕಟ್ಟಬೇಕು. ಇಲ್ಲವಾದರೆ ಇಳುವರಿ ತುಸು ಕಡಿಮೆಯ ತಳಿಯನ್ನು ಯಾವ ರೈತ ಬಿತ್ತಿಯಾನು?