ಚೌಡಿಕೆಯ ಕೈ

ಸವದತ್ತಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಭಾರತ ಹುಣ್ಣಿಮೆಯ ಗುರುತು ಮೊದಲು ಕಿವಿಗೆ ಸಿಗುತ್ತದೆ, ಕಣ್ಣಿಗೆ ಆಮೇಲೆ. ಗುಡ್ಡದ ಹಾದಿಯಲ್ಲಿ ಬಂಡಿಗಳ ಸಾಲು ಕಾಣುವ ಮೊದಲೇ ‘ಉಧೋ ಉಧೋ’ ಎಂಬ ಕೂಗು, ತಾಳದ ಕಿಣಿಕಿಣಿ, ಅವೆರಡರ ನಡುವೆ ನುಸುಳಿ ಬರುವ ಒಂದು ವಿಚಿತ್ರ ನಾದ ಕೇಳಿಸುತ್ತವೆ. ಆ ನಾದ ಚರ್ಮವಾದ್ಯದ್ದೇ ಎಂದರೆ ಅಲ್ಲ, ತಂತಿವಾದ್ಯದ್ದೇ ಎಂದರೆ ಅದೂ ಅಲ್ಲ. ಗುಂಯ್ ಎಂದು ಏರಿ, ತಟಕ್ಕನೆ ಇಳಿದು, ಮರುಕ್ಷಣವೇ ಮಳೆಹನಿಗಳಂತೆ ದಡದಡನೆ ಸುರಿಯುವ ಅದೇ ಚೌಡಿಕೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಮಕ್ಕಳು ಈಗ ಬೆಂಗಳೂರು, ಪುಣೆ, ಇನ್ನೂ ದೂರದ ಊರುಗಳಲ್ಲಿ ಗಿಟಾರ್ ಕಲಿಯುತ್ತಿದ್ದಾರೆ. ಬಂಧುಗಳ ಮನೆಗಳಲ್ಲಿಯೂ ಅದೇ ವಾದ್ಯ. ಅವರೆಲ್ಲರದೂ ಒಂದೇ ದೂರು: ನಿಧಾನವಾಗಿ ನುಡಿಸಿದರೆ ಲಯ ಸರಿಯಾಗಿರುತ್ತದೆ, ವೇಗ ಹೆಚ್ಚಿದೊಡನೆ ಕೈ ಬಿಗಿಯುತ್ತದೆ, ತಾಳ ತಪ್ಪುತ್ತದೆ. ನಾನು ಸಂಗೀತಗಾರನಲ್ಲ, ಪಾಠ ಹೇಳಿದವನು. ಆದರೂ ಈ ದೂರಿಗೆ ನಮ್ಮ ಗುಡ್ಡದ ಮೇಲೆ ಬಹುಕಾಲದಿಂದ ಒಂದು ಉತ್ತರವಿದೆ. ಉತ್ತರದ ಜೊತೆಗೆ ಅದನ್ನು ಕಾಪಾಡಿಕೊಂಡು ಬಂದವರ ಕಥೆಯೂ ಇದೆ. ಅವೆರಡನ್ನೂ ಕೂಡಿಯೇ ಹೇಳಬೇಕೆಂಬುದು ಈ ಬರಹದ ಉದ್ದೇಶ.

ಮೊದಲು ವಾದ್ಯದ ರಚನೆ. ಚೌಡಿಕೆಯ ಒಡಲು ಒಂದು ಪೊಳ್ಳು ಕೊಳವೆ. ಅದರ ಕೆಳಬಾಯಿಗೆ ಚರ್ಮದ ಮುಚ್ಚಳಿಕೆ, ಮೇಲ್ಬಾಯಿ ಬಯಲು. ಚರ್ಮದ ನಟ್ಟನಡುವಿನಿಂದ ಹೊರಟ ಒಂದೇ ಒಂದು ತಂತಿ ಕೊಳವೆಯೊಳಗಿಂದ ಮೇಲೇರಿ, ಒಡಲಿನ ಪಕ್ಕಕ್ಕೆ ಬಿಗಿದ ಕೋಲಿನ ತುದಿಯ ಬಿರಡೆಗೆ ಸುತ್ತಿಕೊಳ್ಳುತ್ತದೆ. ಒಡಲನ್ನು ಎಡತೋಳಿನ ಕೆಳಗೆ ಅವುಚಿಕೊಂಡು, ಎಡಗೈಯಿಂದ ತಂತಿಯ ಬಿಗಿತವನ್ನು ಹೆಚ್ಚುಕಡಿಮೆ ಮಾಡುತ್ತ, ಬಲಗೈಯಲ್ಲಿ ಸಣ್ಣ ಕಡ್ಡಿ ಹಿಡಿದು ಮೀಟುತ್ತಾರೆ. ತಂತಿ ಬಿಗಿದಷ್ಟೂ ಸ್ವರ ಏರುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಕಂಪನ ಇಮ್ಮಡಿಯಾಗುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಮರ್ಸೆನ್ 1636ರಲ್ಲಿ ಗ್ರಂಥಸ್ಥಗೊಳಿಸಿದ. ನಮ್ಮ ಜೋಗಮ್ಮಂದಿರ ಎಡಗೈ ಆ ನಿಯಮವನ್ನು ಓದದೆಯೇ ಬಲ್ಲದು.

ಈ ವಾದ್ಯ ಒಂಟಿಯಲ್ಲ, ಇದಕ್ಕೆ ದೊಡ್ಡ ಬಳಗವಿದೆ. ಮಹಾರಾಷ್ಟ್ರದ ಚೌಂಡಕೆ ಮತ್ತು ತುಣತುಣೆ, ತೆಲಂಗಾಣದಲ್ಲಿ ಎಲ್ಲಮ್ಮನ ಕಥೆ ಹೇಳುವ ಬೈಂಡ್ಲರ ಜಮಿಡಿಕೆ, ಬಂಗಾಳದ ಬಾವುಲರ ಗೋಪಿಯಂತ್ರ ಮತ್ತು ಖಮಕ್, ಎಲ್ಲವೂ ಚರ್ಮ ಮತ್ತು ತಂತಿಯ ಇದೇ ಜೋಡಿಯಿಂದ ಹುಟ್ಟಿದವು. 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಸ್ಯಾಕ್ಸ್ ಎಂಬ ವಿದ್ವಾಂಸರು ಜಗತ್ತಿನ ವಾದ್ಯಗಳನ್ನೆಲ್ಲ ವರ್ಗೀಕರಿಸಿದಾಗ ಈ ಜಾತಿಯವನ್ನು ‘ಮೀಟುವ ಚರ್ಮವಾದ್ಯ’ಗಳೆಂದು ಕರೆದರು. ಮುಂದೆ ಬಂದ ಲಾರೆನ್ಸ್ ಪಿಕನ್‌ರಂಥವರು, ಇಲ್ಲಿ ಮೊದಲು ಕಂಪಿಸುವುದು ತಂತಿ, ಆದುದರಿಂದ ಇವು ತಂತಿವಾದ್ಯಗಳೇ ಎಂದು ವಾದಿಸಿದರು. ಪಂಡಿತರ ಈ ಜಗಳದಲ್ಲಿ ನನಗೆ ಒಂದು ಅರ್ಥ ಕಾಣುತ್ತದೆ. ಚೌಡಿಕೆ ಸ್ವರವನ್ನೂ ಕೊಡುತ್ತದೆ, ಪೆಟ್ಟನ್ನೂ ಕೊಡುತ್ತದೆ. ಗಿಟಾರಿನಲ್ಲಿ ಸ್ಟ್ರಮ್ಮಿಂಗ್ ಎನ್ನುವುದೂ ಇದೇ ಅಲ್ಲವೇ? ತಂತಿಯನ್ನು ತಮಟೆಯಂತೆ ಬಳಸುವ ವಿದ್ಯೆ ಅದು.

ಪರಶುರಾಮನು ಬೇಟಾಸುರನೆಂಬ ರಕ್ಕಸನನ್ನು ಕೊಂದು, ಅವನ ತಲೆಗೆ ಅವನದೇ ನರಗಳನ್ನು ಬಿಗಿದು ವಾದ್ಯ ಮಾಡಿ, ತಾಯಿ ರೇಣುಕೆಯ ಮುಂದೆ ನುಡಿಸಿದನೆಂದು ಗೊಂದಲಿಗರು ಕಥೆ ಹೇಳುತ್ತಾರೆ. ಕಥೆಯನ್ನು ಇತಿಹಾಸವೆಂದು ಹೇಳಲಾಗದು. ಆದರೆ ಈ ವಾದ್ಯ ತಾಯಿಯ ಸೇವೆಗೆಂದೇ ಹುಟ್ಟಿದ್ದು ಎಂಬ ನಂಬಿಕೆ ಎಷ್ಟು ಆಳವಾದುದೆಂಬುದನ್ನು ಅದು ತೋರಿಸುತ್ತದೆ.

ಚೌಡಿಕೆಯ ಮೇಳ ಸಣ್ಣದು. ಒಬ್ಬರು ಚೌಡಿಕೆ ಹಿಡಿದು ಪದ ಎತ್ತುತ್ತಾರೆ, ಒಬ್ಬರು ಒಂಟಿತಂತಿಯ ಶ್ರುತಿ ಹಿಡಿಯುತ್ತಾರೆ, ಇನ್ನೊಬ್ಬರು ತಾಳ ಹಾಕುತ್ತಾರೆ. ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಜಮದಗ್ನಿ, ರೇಣುಕೆ, ಪರಶುರಾಮ, ಕಾರ್ತವೀರ್ಯರ ಕಥೆಯನ್ನು ಅವರು ರಾತ್ರಿಯಿಡೀ ಹಾಡಬಲ್ಲರು. ಪದ ನಿಧಾನವಾಗಿ ಆರಂಭವಾಗುತ್ತದೆ, ಕಥೆ ಬಿಗಿಯಾದಂತೆ ನಡೆ ಚುರುಕಾಗುತ್ತದೆ. ಜೋಗತಿ ನೃತ್ಯವಿದ್ದರಂತೂ ಕುಣಿಯುವವರ ತಲೆಯ ಮೇಲೆ ಕೊಡ ಇರುತ್ತದೆ. ಅದನ್ನು ಕೈಯಿಂದ ಹಿಡಿಯುವಂತಿಲ್ಲ. ಚೌಡಿಕೆಯ ಲಯ ಒಂದು ಕ್ಷಣ ಮುಗ್ಗರಿಸಿದರೂ ಹೆಜ್ಜೆ ಮುಗ್ಗರಿಸುತ್ತದೆ, ಹೆಜ್ಜೆ ಮುಗ್ಗರಿಸಿದರೆ ಕೊಡ ಉಳಿಯುವುದಿಲ್ಲ. ಆದುದರಿಂದ ಅಲ್ಲಿ ವೇಗಕ್ಕಿಂತ ಸ್ಥಿರತೆ ದೊಡ್ಡದು, ವೇಗವು ಸ್ಥಿರತೆಯ ಬೆನ್ನೇರಿ ಬರತಕ್ಕದ್ದು.

ಇನ್ನು ಆ ವೇಗವನ್ನು ಕಲಿಯುವ ಬಗೆ. ಜಾತ್ರೆಯ ದಿನಗಳಲ್ಲಿ ಶಾಲೆಯ ಹಾಜರಿ ಅರ್ಧಕ್ಕಿಳಿಯುತ್ತಿದ್ದ ಕಾಲದಲ್ಲಿ, ಗುಡ್ಡದ ಒಂದು ಬೇವಿನ ಮರದ ಕೆಳಗೆ ಒಬ್ಬ ವಯಸ್ಸಾದ ಜೋಗಮ್ಮ ಒಬ್ಬ ತರುಣಿಗೆ ಕಲಿಸುವುದನ್ನು ನಾನು ನಿಂತು ನೋಡಿದ್ದುಂಟು. ಹುಡುಗಿ ಒಂದು ಪೆಟ್ಟು ತಪ್ಪಿದೊಡನೆ ಕೈ ನಿಲ್ಲಿಸುವಳು, ಮತ್ತೆ ಮೊದಲಿನಿಂದ ಹಿಡಿಯುವಳು. ಜೋಗಮ್ಮ ಅವಳ ಮೊಣಕಾಲಿನ ಮೇಲೆ ತಟ್ಟುತ್ತ, ‘ಕೈ ನಿಲ್ಲಸಬ್ಯಾಡ ನನ್ನವ್ವಾ. ತಪ್ಪಿದ್ರ ತಪ್ಪಲಿ. ತಂತಿಗೆ ಹತ್ತಲಿಲ್ಲಂದ್ರೂ ಕೈ ಆಡಕೋತ ಇರಬೇಕು. ತೊಟ್ಟಿಲಾ ತೂಗೂಮುಂದ ನಡುವ ನಿಲ್ಲಸ್ತೀಯೇನು?’ ಎಂದಳು. ಬಳಿಕ ನನ್ನ ಕಡೆ ತಿರುಗಿ, ‘ಹೌದಲ್ರೀ ಮಾಸ್ತರ್ರ, ಬಿರುಸು ಕಲಿಸಾಕ ಬರಾಂಗಿಲ್ರೀ. ಸಾವಕಾಶ ಕಲಿಸಬೇಕು, ಬಿರುಸು ತಾನಽ ಬರತೈತಿ’ ಎಂದಳು.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನಗೆ ಅಷ್ಟು ಚಿಕ್ಕ ಮಾತಿನಲ್ಲಿ ಅಷ್ಟು ದೊಡ್ಡ ಬೋಧನೆ ಬೇರೆಲ್ಲೂ ಸಿಕ್ಕಿಲ್ಲ. ಗಿಟಾರಿನ ಗುರುಗಳು ಹೇಳುವುದೂ ಇದನ್ನೇ ಎಂದು ಆಮೇಲೆ ತಿಳಿಯಿತು. ಅದರ ಹಿಂದಿರುವ ಲೆಕ್ಕ ಸರಳವಾದುದು. ನಿಮಿಷಕ್ಕೆ 60 ಎಣಿಕೆಯ ನಡೆಯಲ್ಲಿ ಎಣಿಕೆಗೆ 4 ಮೀಟುಗಳಂತೆ ನುಡಿಸಿದರೆ ಸೆಕೆಂಡಿಗೆ 4 ಮೀಟುಗಳಾದವು. ನಡೆಯನ್ನು 120ಕ್ಕೆ ಏರಿಸಿದರೆ ಸೆಕೆಂಡಿಗೆ 8. ಇಷ್ಟು ಅಲ್ಪ ಕಾಲದಲ್ಲಿ ಒಂದೊಂದು ಮೀಟಿಗೂ ಬೇರೆ ಬೇರೆ ಆಜ್ಞೆ ಕೊಡಲು ಮನಸ್ಸಿಗೆ ಸಾಧ್ಯವೇ ಇಲ್ಲ. ಮನಸ್ಸು ಎಣಿಕೆಯನ್ನು ಮಾತ್ರ ಹಿಡಿಯಬೇಕು. ಮಿಕ್ಕದ್ದನ್ನು ತೂಗುವ ಕೈಗೆ ಬಿಡಬೇಕು. ಗಿಟಾರಿನಲ್ಲಿ ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂದು ಕೈ ಲೋಲಕದಂತೆ ಸದಾ ಆಡುತ್ತಿರುತ್ತದೆ. ಯಾವ ಪೆಟ್ಟು ಬೇಕೋ ಅಲ್ಲಿ ತಂತಿಯನ್ನು ಸೋಕುತ್ತದೆ, ಬೇಡದಲ್ಲಿ ಗಾಳಿಯಲ್ಲಿ ಹಾದುಹೋಗುತ್ತದೆ. ಸದ್ದಿಲ್ಲದ ಆ ಪೆಟ್ಟುಗಳೇ ಸದ್ದುಳ್ಳ ಪೆಟ್ಟುಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸುತ್ತವೆ. ಕೈ ನಿಂತಿತೆಂದರೆ ಮುಂದಿನ ಪೆಟ್ಟಿನ ಹೊತ್ತನ್ನು ಊಹಿಸಬೇಕಾಗುತ್ತದೆ. ಊಹೆಯಿಂದ ಹಿಡಿದ ಲಯ ವೇಗದಲ್ಲಿ ಒಡೆಯದೆ ಇರದು.

ಎರಡನೆಯದು ಸಡಿಲಿಕೆ. ವೇಗ ಬೇಕೆಂದಾಗ ನಾವು ಮೊಣಕೈಯಿಂದ ಬಲ ಹಾಕುತ್ತೇವೆ, ಕಡ್ಡಿಯನ್ನು ಹಿಚುಕಿ ಹಿಡಿಯುತ್ತೇವೆ. ಬಿಗಿದ ಸ್ನಾಯು ಬೇಗ ದಣಿಯುತ್ತದೆ, ದಣಿದ ಕೈ ಹಿಂದೆ ಬೀಳುತ್ತದೆ. ರಾತ್ರಿಯಿಡೀ ನುಡಿಸುವ ಚೌಡಿಕೆಯವರ ಕೈಯನ್ನು ನೋಡಿರಿ. ಮೊಣಕೈ ಹೆಚ್ಚು ಅಲುಗುವುದಿಲ್ಲ, ಮಣಿಕಟ್ಟು ಮಾತ್ರ ಕೆಲಸ ಮಾಡುತ್ತದೆ, ಕಡ್ಡಿ ಬೀಳದಿರುವಷ್ಟೇ ಬಿಗಿ. ವೇಗ ಏರಿದಂತೆ ಕೈಯ ಓಟ ಚಿಕ್ಕದಾಗುತ್ತ ಹೋಗುತ್ತದೆ.

ಮೂರನೆಯದು ಕಾಯುವ ಗುಣ. 1815ರಲ್ಲಿ ಯೋಹಾನ್ ಮೆಲ್ಜೆಲ್ ಎಂಬವನು ಮೆಟ್ರೊನೋಮ್‌ಗೆ ಹಕ್ಕುಪತ್ರ ಪಡೆದಂದಿನಿಂದ ಪಾಶ್ಚಾತ್ಯ ಸಂಗೀತದ ವಿದ್ಯಾರ್ಥಿಗೆ ತಪ್ಪದೆ ಎಣಿಸುವ ಒಂದು ಯಂತ್ರ ದೊರೆಯಿತು. ಜೋಗಮ್ಮನಿಗೆ ಆ ಯಂತ್ರವೆಂದರೆ ತಾಳ ಹಾಕುವ ಗೆಳತಿ, ಗುಡ್ಡ ಹತ್ತುವ ಕಾಲು. ಯಾವುದಾದರೇನು, ಬಳಸುವ ಕ್ರಮ ಒಂದೇ. ತಪ್ಪಿಲ್ಲದೆ ನುಡಿಸಬಲ್ಲ ನಡೆಯಿಂದ ಆರಂಭಿಸಬೇಕು. ಅದು ಬೇಸರ ತರುವಷ್ಟು ಸುಲಭವಾದ ಮೇಲೆ ನಾಲ್ಕೈದು ಎಣಿಕೆ ಏರಿಸಬೇಕು. ಕೈ ಬಿಗಿಯಿತೆಂದರೆ ಹಿಂದಕ್ಕೆ ಬರಬೇಕು. ಬಾಯಿಂದ ಎಣಿಸುತ್ತ, ಕಾಲಿನಿಂದ ತಟ್ಟುತ್ತ ಅಭ್ಯಾಸ ಮಾಡಿದರೆ ಲಯ ಮೈಗೆ ಇಳಿಯುತ್ತದೆ. ನಿಧಾನವೇ ಪ್ರಧಾನ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಬರಿಯ ಸಂಗೀತದ ಪಾಠವಾದೀತು. ಆ ಬೇವಿನ ಮರದ ಕೆಳಗಿನ ಗುರು ಯಾರು, ಶಿಷ್ಯೆ ಯಾರು ಎಂಬುದನ್ನು ಬಿಟ್ಟು ಬರೆದರೆ ಇತಿಹಾಸಕ್ಕೆ ಅಪಚಾರವಾದೀತು. ಆ ವಿದ್ಯೆಯನ್ನು ಕಾಪಾಡಿದವರಲ್ಲಿ ಬಹುಮಂದಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು, ಜೊತೆಗೆ ಜೋಗಪ್ಪಂದಿರು. ಆ ಹೆಣ್ಣುಮಕ್ಕಳು ಹೆಚ್ಚಾಗಿ ದಲಿತ ಕೇರಿಗಳ ಬಡಮನೆಗಳಿಂದ ಬಂದವರು, ತಿಳಿವಳಿಕೆ ಬರುವ ಮೊದಲೇ ಮುತ್ತು ಕಟ್ಟಿಸಿಕೊಂಡವರು. ದೇವಿಯ ಹೆಸರು ಮುಂದಿತ್ತು, ಹಿಂದೆ ಇದ್ದುದು ಉಳ್ಳವರ ಭೋಗ. ಮದುವೆಯ ಹಕ್ಕಿಲ್ಲ, ಮಕ್ಕಳಿಗೆ ತಂದೆಯ ಹೆಸರಿಲ್ಲ. ಎಷ್ಟೋ ಜನರಿಗೆ ಚೌಡಿಕೆ ಭಕ್ತಿಯ ವಾದ್ಯವೂ ಹೌದು, ಜೋಗ ಬೇಡಿ ಹೊಟ್ಟೆ ಹೊರೆಯುವ ಸಾಧನವೂ ಹೌದು.

ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆ ಒಂದು ಕಾನೂನು ಬಂದಿತ್ತು. 1982ರಲ್ಲಿ ಕರ್ನಾಟಕ ಶಾಸನಸಭೆ ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯ್ದೆ ಮಾಡಿತು, 1984ರಲ್ಲಿ ಅದು ಜಾರಿಗೆ ಬಂದಿತು. ಕಾನೂನು ಬಂದ ಮಾತ್ರಕ್ಕೆ ಪದ್ಧತಿ ಒಂದೇ ದಿನದಲ್ಲಿ ಅಳಿಯಲಿಲ್ಲ. ಆದರೂ ಅದು ಬರಬೇಕಾಗಿತ್ತು, ತಡವಾಗಿ ಬಂದಿತೆಂಬುದೇ ದುಃಖ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಪದ್ಧತಿಯನ್ನು ತೊಲಗಿಸುವ ಭರದಲ್ಲಿ ಸಮಾಜ ಇನ್ನೊಂದು ಕೆಲಸವನ್ನೂ ಮಾಡಿತು. ಆ ಹೆಣ್ಣುಮಕ್ಕಳನ್ನು ಕೀಳಾಗಿ ಕಂಡ ಕಣ್ಣು ಅವರ ವಾದ್ಯವನ್ನೂ ಕೀಳಾಗಿ ಕಂಡಿತು. ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಜಾನಪದ ಗೀತೆಗಳನ್ನು ಆರಿಸುವಾಗ ಕೋಲಾಟ ಬಂದಿತು, ಲಾವಣಿ ಬಂದಿತು. ಚೌಡಿಕೆಯ ಹೆಸರು ಎತ್ತಿದೊಡನೆ, ‘ಅದು ನಮ್ಮ ಮಕ್ಕಳಿಗೆ ಶೋಭಿಸದು’ ಎಂದು ಹಿರಿಯರೊಬ್ಬರು ಮಾತು ಮುಗಿಸಿದರು. ಶೋಭಿಸದೆ ಇದ್ದದ್ದು ಯಾವುದು? ಆ ತಂತಿಯೋ, ಆ ತಂತಿ ಮೀಟಿದವಳನ್ನು ಊರು ನಡೆಸಿಕೊಂಡ ರೀತಿಯೋ? ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಕಾಲ ಸ್ವಲ್ಪ ಬದಲಾಗಿದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕಾಳವ್ವ ಜೋಗತಿಯವರಲ್ಲಿ ಜೋಗತಿ ನೃತ್ಯವನ್ನು ಕಲಿತು, ಬೀದಿಯಿಂದ ರಂಗಕ್ಕೆ ಅದನ್ನು ತಂದರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ತೃತೀಯ ಲಿಂಗಿ ಸಮುದಾಯದಿಂದ ಆ ಸ್ಥಾನಕ್ಕೆ ಬಂದವರಲ್ಲಿ ಅವರೇ ಮೊದಲಿಗರು. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವಾಗ, ಜೋಗತಿಯರ ವಾಡಿಕೆಯಂತೆ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನೀವೆಲ್ಲ ದೂರದರ್ಶನದಲ್ಲಿ ನೋಡಿರಬೇಕು. ಜೋಗ ಬೇಡುವವರೆಂದು ಬಾಗಿಲಲ್ಲೇ ನಿಲ್ಲಿಸಿದ ಕೈ ಅಂದು ದೇಶದ ಪ್ರಥಮ ಪ್ರಜೆಯನ್ನು ಹರಸಿತು.

ಹಾಗಾದರೆ ಮುಂದೇನು? ಮುತ್ತು ಕಟ್ಟುವುದು ನಿಂತರೆ ಚೌಡಿಕೆ ನುಡಿಸುವವರು ಯಾರು ಎಂದು ಕೆಲವರು ಮರುಗುತ್ತಾರೆ. ಈ ಮರುಕ ನನಗೆ ಒಪ್ಪಿಗೆಯಲ್ಲ. ಕಲೆ ಉಳಿಯಲು ಒಬ್ಬ ಹೆಣ್ಣುಮಗಳ ಬಾಳು ಹಾಳಾಗಬೇಕಾದರೆ ಆ ಕಲೆ ಉಳಿಯದಿರುವುದೇ ಲೇಸು. ಆದರೆ ಹಾಗೇನೂ ಇಲ್ಲ. ತಂತಿಗೆ ಮುತ್ತು ಬೇಡ, ಮಣಿಕಟ್ಟಿಗೆ ಜಾತಿ ಬೇಡ. ಕಲಿಸಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಭಿಕ್ಷುಕರೆಂದು ಕಾಣದೆ ಗುರುಗಳೆಂದು ಕರೆದು, ಶಾಲೆಯಲ್ಲಿ ಕೂರಿಸಿ, ಸಂಬಳ ಕೊಟ್ಟು, ಹೆಸರು ಬರೆದು, ಯಾವ ಮನೆಯ ಮಗುವಾದರೂ ಕಲಿಯುವಂತೆ ಮಾಡುವುದು ಕಷ್ಟದ ಕೆಲಸವಲ್ಲ. ಗೊಟಗೋಡಿಯಲ್ಲಿ 2011ರಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯವೊಂದು ಹುಟ್ಟಿದ ನಾಡು ನಮ್ಮದು. ಇಷ್ಟು ಮಾಡಲು ನಮಗೆ ಮನಸ್ಸು ಬೇಕು, ಅಷ್ಟೇ.

ಗಿಟಾರ್ ಹಿಡಿದ ಮಕ್ಕಳಿಗೆ ನನ್ನದೊಂದು ಮಾತು. ಮುಂದಿನ ಭಾರತ ಹುಣ್ಣಿಮೆಗೆ ಊರಿಗೆ ಬಂದಾಗ ಗುಡ್ಡದ ಮೇಲೆ ಚೌಡಿಕೆಯವರ ಮುಂದೆ ಕಾಸು ಹಾಕಿ ಸರಸರನೆ ಮುಂದೆ ಹೋಗಬೇಡಿರಿ. ಅರ್ಧ ಗಂಟೆ ಅವರ ಎದುರು ಕೂತು ಬಲಗೈಯ ಮಣಿಕಟ್ಟನ್ನು ನೋಡಿರಿ, ಪದ ಮುಗಿದ ಮೇಲೆ ಅವರ ಹೆಸರು ಕೇಳಿರಿ, ಯಾರಿಂದ ಕಲಿತರೆಂದು ಕೇಳಿರಿ. ‘ಅವ್ವಾ, ಒಂದೀಟು ನನಗೂ ಕಲಿಸ್ತೀರೇನ್ರಿ?’ ಎಂದು ಕೇಳುವ ಧೈರ್ಯವಿದ್ದರೆ ಅದನ್ನೂ ಕೇಳಿರಿ. ನಿಮ್ಮ ಕೈಗೆ ಲಯ ಸಿಕ್ಕೀತು, ಅವರ ವಿದ್ಯೆಗೆ ಸಲ್ಲಬೇಕಾದ ಮರ್ಯಾದೆಯೂ ಸಂದೀತು.