ಮುಖದ ಹಿಂದಿನ ಗೋಡೆ

ಪಾಸ್‌ಪೋರ್ಟ್ ಫೋಟೋ ಕೈಗೆ ಬಂದಾಗ ನಾವೆಲ್ಲ ಮೊದಲು ನೋಡೋದು ಮುಖ. ಹಿಂದಿನ ಗೋಡೆ ಯಾರಿಗೆ ಬೇಕು? ಆದರೆ ಇಡೀ ಊರಿನವರ ಫೋಟೋ ಒಂದೇ ಕಡೆ ಸೇರಿದಾಗ ಕಣ್ಣಿಗೆ ಹೊಡೆಯೋದು ಅದೇ. ಒಂದರಲ್ಲಿ ಗೋಡೆ ಹಳದಿ, ಇನ್ನೊಂದರಲ್ಲಿ ಬೂದು, ಮತ್ತೊಂದರಲ್ಲಿ ಕಿವಿ ಪಕ್ಕ ಕಪ್ಪು ನೆರಳು. ಇದನ್ನೆಲ್ಲ ಒಂದೇ ಸಮ ಮಾಡುವ ಕೆಲಸ ಫೋಟೋಶಾಪ್ ಜೊತೆ ಹುಟ್ಟಿದ್ದು ಅಂತ ನಮ್ಮ ಸಾಫ್ಟ್‌ವೇರ್ ಮಂದಿ ಅಂದ್ಕೊಂಡಿರ್ತಾರೆ. ಅಲ್ಲ, ಇದು 150 ವರ್ಷಕ್ಕೂ ಹಳೆಯದು.

ಮುಂಬಯಿಯಲ್ಲಿ ವಿಲಿಯಂ ಜಾನ್ಸನ್ ಅಂತ ಒಬ್ಬ ಛಾಯಾಗ್ರಾಹಕ ಇದ್ದ. ಅಲ್ಲಿನ ಬೇರೆ ಬೇರೆ ಸಮುದಾಯದವರ ಚಿತ್ರಗಳ ಎರಡು ಸಂಪುಟಗಳನ್ನು 1863 ಮತ್ತು 1866ರಲ್ಲಿ ತಂದ. ಜನರನ್ನು ಒಂದು ಕಡೆ ನಿಲ್ಲಿಸಿ ತೆಗೆದ, ಊರಿನ ದೃಶ್ಯಗಳನ್ನು ಬೇರೆ ತೆಗೆದ, ಆಮೇಲೆ ಎರಡನ್ನೂ ಜೋಡಿಸಿದ! ಚಿತ್ರದಲ್ಲಿರುವವರು ತಮ್ಮ ಹಿಂದೆ ಕಾಣುವ ಜಾಗದಲ್ಲಿ ನಿಂತವರೇ ಅಲ್ಲ.

ನಮ್ಮ ರಾಯಚೂರು ಸೀಮೆ ಆಗ ನಿಜಾಮರ ಕೈಯಲ್ಲಿತ್ತು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ದೀನ್ ದಯಾಳ್. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಂತಲೇ ಪ್ರತ್ಯೇಕ ಸ್ಟುಡಿಯೋ ತೆರೆದರು. ಫೋಟೋ ಆಗ ದೊಡ್ಡವರ ಬಾಬತ್ತು, ಮಸ್ಕಿ ಲಿಂಗಸುಗೂರಿನ ರೈತನಿಗೆ ಅದರ ಗೊಡವೆ ಇರಲಿಲ್ಲ ಬಿಡಿ.

ಗಾಜಿನ ನೆಗೆಟಿವ್ ಕಾಲದಲ್ಲಿ ಹಿನ್ನೆಲೆ ತೆಗೆಯುವ ಉಪಾಯ ತುಂಬಾ ಸರಳ. ಸಣ್ಣ ಕುಂಚದಿಂದ ವ್ಯಕ್ತಿಯ ಸುತ್ತ ಬೆಳಕು ದಾಟದ ಬಣ್ಣ ಬಳಿಯೋದು. ಬಣ್ಣ ಇದ್ದಲ್ಲಿ ಬೆಳಕು ಕಾಗದಕ್ಕೆ ತಲುಪಲ್ಲ, ಆ ಜಾಗ ಬಿಳಿಯಾಗೇ ಉಳಿಯುತ್ತೆ. ನಮ್ಮ 'ಮಾಸ್ಕ್' ಅನ್ನೋದು ಇದೇ ನೋಡಿ. ಒಂದೊಂದು ಪ್ಲೇಟಿಗೂ ಕೈಕೆಲಸ. ಆದರೆ ಕುಂಚ ಹಿಡಿದವನಿಗೆ ಯಾವುದು ರುಮಾಲು, ಯಾವುದು ಗೋಡೆ ಅಂತ ಗೊತ್ತಿರುತ್ತಿತ್ತು. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸಾಮಾನ್ಯರ ಮುಖಗಳು ಲೆಕ್ಕವಿಲ್ಲದಷ್ಟು ಬೇಕಾಗಿದ್ದು ಗುರುತಿನ ಚೀಟಿ ಬಂದ ಮೇಲೆ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಮತದಾರರ ಫೋಟೋ ಚೀಟಿ ಶುರುವಾಯಿತು. 2010ರಿಂದ ಆಧಾರ್. ಶಾಲೆಯ ಗೋಡೆ, ಪಂಚಾಯಿತಿ ಕಟ್ಟೆ, ಇಬ್ಬರು ಹಿಡಿದ ಬಿಳಿ ಪಂಚೆ, ಎಲ್ಲವೂ ಸ್ಟುಡಿಯೋ ಆದವು.

ಅಷ್ಟರಲ್ಲಿ ಕಂಪ್ಯೂಟರೂ ಬಂದಿತ್ತು. 1996ರ ಫೋಟೋಶಾಪ್ 4ರಲ್ಲಿ 'ಆಕ್ಷನ್' ಬಂತು. ಒಂದು ಚಿತ್ರಕ್ಕೆ ಮಾಡಿದ್ದನ್ನು ನೆನಪಿಟ್ಟುಕೊಂಡು ಸಾವಿರಕ್ಕೂ ಮಾಡುತ್ತೆ. ತೊಂದರೆ ಏನಪ್ಪಾ ಅಂದ್ರೆ, ಸಾವಿರ ಗೋಡೆಗಳ ಬೆಳಕು ಒಂದೇ ಥರ ಇರಲ್ಲ. ಫ್ಲ್ಯಾಶಿನಿಂದ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತೆ. ಹೀಗಾಗಿ ಫ್ಲ್ಯಾಶ್ ಒಂದು ಪಕ್ಕದಲ್ಲಿದ್ದರೆ ಗೋಡೆಯ ಆಚೆ ತುದಿ ಕಪ್ಪು. ಇಡೀ ಚಿತ್ರವನ್ನೇ ಬೆಳಗಿಸಿದರೆ ಗೋಡೆ ಬಿಳಿಯಾಗುತ್ತೆ, ಜೊತೆಗೆ ಬಿಸಿಲಲ್ಲಿ ದುಡಿದ ಕಪ್ಪು ಮುಖವೂ ಸುಣ್ಣ ಬಳಿದಂತಾಗುತ್ತೆ. ಗುರುತಿನ ಚೀಟಿಯಲ್ಲಿ ಗುರುತೇ ಹೋಯ್ತಲ್ಲ :)

2004ರಲ್ಲಿ ಕೇಂಬ್ರಿಜ್‌ನ ಮೈಕ್ರೋಸಾಫ್ಟ್ ಸಂಶೋಧಕರು 'ಗ್ರಾಬ್‌ಕಟ್' ತಂದರು. ವ್ಯಕ್ತಿಯ ಸುತ್ತ ಒಂದು ಚೌಕ ಎಳೆದರೆ ಸಾಕು, ಬಣ್ಣಗಳ ಅಂದಾಜಿನ ಮೇಲೆ ಅದೇ ಅಂಚು ಹುಡುಕುತ್ತೆ. ಜಾಣ ಉಪಾಯ, ನನಗೂ ಇಷ್ಟ. ಆದರೆ ನಮ್ಮ ಸಿಂಧನೂರು ಕಡೆ ಮುದುಕರು ಕಟ್ಟೋದು ಬಿಳಿ ರುಮಾಲು. ಬಿಳಿ ಗೋಡೆ ಮುಂದೆ ಕೂತರೆ ಅದಕ್ಕೆ ರುಮಾಲೂ ಗೋಡೆಯೇ! ಹಣೆಯ ಮೇಲಿಂದ ತಲೆ ಕತ್ತರಿಸಿದಂತಾಗುತ್ತೆ. ಕುಂಚದವನು ಈ ತಪ್ಪು ಮಾಡ್ತಿರಲಿಲ್ಲ. ಈಗಿನವು ಲಕ್ಷಾಂತರ ಚಿತ್ರ ನೋಡಿ ಕಲಿತವು, ಎಷ್ಟೋ ವಾಸಿ. ಆದರೂ ನರೆಗೂದಲು, ತಲೆ ಮೇಲೆ ಹೊದ್ದ ಸೆರಗಿನ ಅಂಚು ಬಂದಾಗ ತಡವರಿಸುತ್ತವೆ. ಸಾವಿರ ಫೋಟೋ ಒಂದೇ ಏಟಿಗೆ ಓಡಿಸಿದಾಗ ಅದರಲ್ಲಿ ಕೆಟ್ಟ ಹತ್ತನ್ನು ಕಣ್ಣಿಟ್ಟು ಹುಡುಕುವವರು ಯಾರು?

ವಳಕಮದಿನ್ನಿಯಂಥ ಊರಲ್ಲಿ ನಾಳೆ ಯಾರಾದರೂ ಊರಿನವರ ಫೋಟೋ ತೆಗೆಯೋದಾದರೆ ಬಿಳಿ ಪಂಚೆ ಬೇಡ, ತಿಳಿನೀಲಿ ಬಟ್ಟೆ ಕಟ್ಟಿ. ಕೂರುವವರು ಬಟ್ಟೆಯಿಂದ ನಾಲ್ಕು ಅಡಿ ಮುಂದಿರಲಿ, ನೆರಳು ಅದರ ಮೇಲೆ ಬೀಳಲ್ಲ. ಯಾರೂ ಇಲ್ಲದ ಖಾಲಿ ಬಟ್ಟೆಯ ಫೋಟೋ ಒಂದು ಮೊದಲೇ ತೆಗೆದಿಡಿ. ಕ್ಯಾಮೆರಾ, ದೀಪ ಕದಲಿಸದಿದ್ದರೆ ಎಲ್ಲಿ ಬೆಳಕು ಕಡಿಮೆ ಅಂತ ಆ ಒಂದೇ ಚಿತ್ರ ಹೇಳುತ್ತೆ, ಉಳಿದವನ್ನೆಲ್ಲ ಅದಕ್ಕೆ ಹೋಲಿಸಿ ಸರಿ ಮಾಡಬಹುದು. ಆಕಾಶ ನೋಡುವ ಖಗೋಳದವರು ಮಾಡೋದೂ ಇಂಥದ್ದೇ. ಬಿಳಿ ಹಿನ್ನೆಲೆಯೇ ಬೇಕು ಅಂದರೆ ನೀಲಿಯನ್ನು ಆಮೇಲೆ ಬಿಳಿ ಮಾಡಿಕೊಳ್ಳಿ, ರುಮಾಲು ತಲೆ ಮೇಲೇ ಇರುತ್ತೆ.