ಶಸ್ತ್ರಕ್ರಿಯೆಯ ಅಲಕ್ಷ್ಯ ಮತ್ತು ಸರಕಾರದ ಹೊಣೆ

1956ರ ನವೆಂಬರ್ 1ರಂದು ಐನಾಪುರವು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿತು. ಅದೇ ದಿನ ಔರಂಗಾಬಾದು ಹೈದರಾಬಾದಿನಿಂದ ಮುಂಬಯಿಗೆ ಬಂದಿತು. ಸರಕಾರಿ ಆಸ್ಪತ್ರೆಯ ನೌಕರರ ಅಲಕ್ಷ್ಯಕ್ಕೆ ಸರಕಾರವು ಹೊಣೆಯೇ ಎಂಬ ಪ್ರಶ್ನೆಗೆ ಎರಡೂ ಊರುಗಳಿಗೆ ಅನ್ವಯಿಸುವ ಉತ್ತರವು ದೊರೆತದ್ದು ಔರಂಗಾಬಾದಿನ ಒಂದು ವ್ಯಾಜ್ಯದಿಂದ.

1963ರ ಜುಲೈ 13ರಂದು ಅಲ್ಲಿಯ ಸಿವಿಲ್ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳಿಗೆ ಸಂತಾನಹರಣ ಶಸ್ತ್ರಕ್ರಿಯೆ ನಡೆಯಿತು. ಜ್ವರ, ನೋವು ಇಳಿಯಲಿಲ್ಲ. 19ರಂದು ಗಾಯವನ್ನು ಮತ್ತೆ ತೆರೆದಾಗ ಹೊಟ್ಟೆಯೊಳಗೆ ಬಟ್ಟೆಯೊಂದು ಕಂಡಿತು. 24ರಂದು ಆಕೆ ತೀರಿಕೊಂಡಳು. ಪತಿ ಮತ್ತು ಮಕ್ಕಳು ಹೂಡಿದ ದಾವೆಯಲ್ಲಿ ಕೆಳಗಿನ ನ್ಯಾಯಾಲಯವು 36,000 ರೂಪಾಯಿ ವಿಧಿಸಿತು. ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಆಸ್ಪತ್ರೆ ನಡೆಸುವುದು ಸಾರ್ವಭೌಮ ಕಾರ್ಯವೆಂಬ ವಾದವು ಅಲ್ಲಿ ಸರಕಾರಕ್ಕೆ ಕವಚವಾಯಿತು.

ಈ ಕವಚದ ಮೂಲ 1861ರ ಕಲಕತ್ತೆಯ ತೀರ್ಪಿನಲ್ಲಿದೆ. ಸರಕಾರಿ ಹಡಗುಕಟ್ಟೆಯ ಕೂಲಿಗಳು ಹೊತ್ತೊಯ್ಯುತ್ತಿದ್ದ ಕಬ್ಬಿಣದಿಂದ ಕುದುರೆಯೊಂದು ಗಾಯಗೊಂಡಿತ್ತು. ಸರಕಾರವು ಸೋತಿತು, ಆದರೆ ಸಾರ್ವಭೌಮ ಕಾರ್ಯ, ಸಾಮಾನ್ಯ ಕಾರ್ಯ ಎಂದು ಅಲ್ಲಿ ಮಾಡಿದ ಭೇದವು ಒಂದು ಶತಮಾನವನ್ನೂ ಮೀರಿ ಬಾಳಿತು. ಕುದುರೆಯ ಒಡೆಯನನ್ನು ಗೆಲ್ಲಿಸಿದ ಭೇದವೇ ಈ ತಬ್ಬಲಿ ಮಕ್ಕಳಿಗೆ ಅಡ್ಡ ನಿಂತದ್ದು ವಿಚಿತ್ರವಲ್ಲವೇ?

1996ರ ಫೆಬ್ರುವರಿ 20ರಂದು ಸರ್ವೋಚ್ಚ ನ್ಯಾಯಾಲಯವು ಆಸ್ಪತ್ರೆಯು ಜನಕಲ್ಯಾಣ ಕಾರ್ಯವೇ ಹೊರತು ಸಾರ್ವಭೌಮ ಕಾರ್ಯವಲ್ಲವೆಂದಿತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದುದು ಅದರ ಮತ್ತೊಂದು ಮಾತು: ಯಾವ ವೈದ್ಯನ ಅಥವಾ ಸಿಬ್ಬಂದಿಯ ತಪ್ಪೆಂದು ಖಚಿತವಾಗದಿದ್ದರೂ, ಆಸ್ಪತ್ರೆಯ ಅಲಕ್ಷ್ಯದಿಂದ ಸಾವು ಸಂಭವಿಸಿತೆಂದು ಸಿದ್ಧವಾದರೆ ಸರಕಾರವು ಪರಿಹಾರ ಕೊಡತಕ್ಕದ್ದು. ಪ್ರಜ್ಞೆ ತಪ್ಪಿ ಮಲಗಿದ ರೋಗಿಯು ಯಾರ ಕೈ ತಪ್ಪಿತೆಂದು ಹೇಗೆ ತಾನೇ ತೋರಿಸಿಯಾನು? 36,000 ರೂಪಾಯಿಯ ಆಜ್ಞೆಯು ಮತ್ತೆ ಊರ್ಜಿತವಾಯಿತು. ಆ ತಾಯಿ ಸತ್ತು ಆಗ ಮೂವತ್ತೆರಡು ವರ್ಷಗಳು ಕಳೆದಿದ್ದವು.